ದೊಡ್ಡದಾಗಿ ಕಾಣಿಸಿದ ಕೋಣೆ

ನಾನು ಒಂದು ಕೋಣೆ. ಚಿಕ್ಕ ಕೋಣೆ. ಚಿಕ್ಕದು ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ನಾಚಿಕೆ ಪಟ್ಟವರು ಬೇರೆ, ಅವರು ಮಾಡಿದ್ದನ್ನೇ ಹೇಳಲು ಹೊರಟಿದ್ದೇನೆ. ಗೋಡೆಗೆಂಥ ಕೋಪ ಎಂದು ನಗುವವರು ನಗಲಿ. ಪೂರ್ತಿ ಕೇಳಿದ ಮೇಲೂ ನಗು ಬಂದರೆ ಅಂಥವರಿಗೆ ದೂರದಿಂದಲೇ ಒಂದು ನಮಸ್ಕಾರ.

ಹುಟ್ಟಿದ್ದು ತಿಪಟೂರಿನ ಒಂದು ಹಳೇ ಬೀದಿಯಲ್ಲಿ. ಕೊಬ್ಬರಿ ವ್ಯಾಪಾರದ ಗುರುಬಸಪ್ಪನವರು ಮನೆ ಕಟ್ಟಿಸಿದಾಗ, ಉತ್ತರಕ್ಕಿದ್ದ ದೇವರಮನೆಗೂ ದಕ್ಷಿಣಕ್ಕಿದ್ದ ಅಡುಗೆಮನೆಗೂ ನಡುವೆ ಓಣಿಯಂಥ ಜಾಗ ಉಳಿಯಿತು. ಅದಕ್ಕೊಂದು ಬಾಗಿಲಿಟ್ಟು "ಇದು ಉಗ್ರಾಣ" ಎಂದರು. ಅದೇ ನಾನು. ದೇವರಮನೆಯ ಗೋಡೆಯಿಂದ ಅಡುಗೆಮನೆಯ ಗೋಡೆಗೆ ಉದ್ದ ಒಂಬತ್ತು ಅಡಿ, ಅಗಲ ಬರೀ ಐದು. ರಾಗಿಯ ಚೀಲ, ಬೆಲ್ಲದ ಅಚ್ಚು, ಹುಣಸೆಹಣ್ಣಿನ ಮಡಕೆ ಎಲ್ಲವೂ ನನ್ನೊಳಗೆ ಸುಖವಾಗಿದ್ದವು. ಯುಗಾದಿ ಬಂದರೆ ಸುಣ್ಣಕ್ಕೆ ಚೂರು ನೀಲಿ ಬೆರೆಸಿ ಬಳಿಯುತ್ತಿದ್ದರು. ದೊಡ್ಡದಾಗಿ ಕಾಣು ಎಂದು ಆಗ ನನ್ನನ್ನು ಯಾರೂ ಪೀಡಿಸಲಿಲ್ಲ.

ಗುರುಬಸಪ್ಪನವರ ಮಗಳು ಶಿವಗಂಗಮ್ಮ. ಗಂಡ ತೀರಿಕೊಂಡ ಮೇಲೆ, ಮಕ್ಕಳೂ ಇಲ್ಲದ ಆಕೆ ತವರಿಗೆ ಬಂದರು. ಬಲು ಎತ್ತರದ ಹೆಂಗಸು, ನನ್ನ ಬಾಗಿಲಲ್ಲಿ ತಲೆ ಬಗ್ಗಿಸಿಯೇ ಒಳಗೆ ಬರಬೇಕು. ಅಪ್ಪ ಬೀದಿಗೆ ಕಿಟಕಿಯಿದ್ದ ಮುಂದಿನ ಕೋಣೆಯನ್ನು ಮಗಳಿಗೆ ಬಿಟ್ಟುಕೊಟ್ಟರು. ಆಕೆಯ ಎತ್ತರಕ್ಕೆ ತಕ್ಕ ಹಾಗೆ ಉದ್ದನೆಯ ಮಂಚವನ್ನೂ ಮಾಡಿಸಿದರು. "ನೀನಿರೋವರ್ಗೂ ಇದು ನಿಂದು ಕಣವ್ವ. ಯಾರೂ ಏಳು ಅನ್ನಂಗಿಲ್ಲ" ಎಂದರು. ಆ ಮಾತು ನನ್ನ ಗೋಡೆಗೂ ಕೇಳಿಸಿತ್ತು. ಗುರುಬಸಪ್ಪನವರ ಮಗ ಇರುವಷ್ಟು ದಿನ ಅಪ್ಪನ ಮಾತನ್ನು ನಡೆಸಿದ. ಆಮೇಲೆ ಮನೆ ಮೊಮ್ಮಗ ಯೋಗೀಶನ ಕೈಗೆ ಬಂತು ನೋಡಿ, ಅಲ್ಲಿಂದ ಶುರುವಾಯಿತು ಗ್ರಹಚಾರ.

ಯೋಗೀಶ ಒಳ್ಳೆಯವನು ಅನ್ನುತ್ತಾರೆ ಬೀದಿಯವರು. ಅಲ್ಲವೇ ಮತ್ತೆ! ಊರಿಗೆ ಉಪಕಾರಿ, ಮನೆಗೆ ಮಾರಿ. ಅವನಿಗೆ ಕೊಬ್ಬರಿ ಮಂಡಿಯ ಆಫೀಸಿಗೆ ಮುಂದಿನ ಕೋಣೆ ಬೇಕಿತ್ತು. "ಅತ್ತೆ, ಆ ಕೋಣೆ ನನಗೆ ಬೇಕು" ಎಂದು ಮುಖ ನೋಡಿ ಹೇಳುವ ಎದೆಯಿಲ್ಲ. ಹೇಳಿದ್ದರೆ ಆಕೆ ಬಯ್ಯುತ್ತಿದ್ದರು, ಜಗಳವಾಗುತ್ತಿತ್ತು, ಏನೋ ಒಂದು ತೀರ್ಮಾನವಾಗುತ್ತಿತ್ತು. ಇವನು ಅದು ಬಿಟ್ಟು ಮೊಬೈಲು ಹಿಡಿದು ಕೂತ. ಚಿಕ್ಕ ಕೋಣೆಗೆ ತಿಳಿ ಬಣ್ಣ ಬಳಿಯಬೇಕಂತೆ, ಸೂರಿಗೆ ಅದಕ್ಕಿಂತ ಬಿಳಿ ಬೇಕಂತೆ, ಕಿಟಕಿಯ ಎದುರಿಗೆ ಕನ್ನಡಿ ತೂಗುಹಾಕಬೇಕಂತೆ, ಆಗ ಓಣಿಯೂ ಅರಮನೆಯಂತೆ! ರಾಗಿ, ಬೆಲ್ಲ ಎಲ್ಲ ಹೊರಗೆ ಹೋದವು. ನನ್ನ ಮೈಮೇಲೆ ನಾಲ್ಕು ಬಣ್ಣದ ತೇಪೆ ಬಿದ್ದವು.

ಒಂದು ಸಂಜೆ ಶಿವಗಂಗಮ್ಮನನ್ನು ಕರೆತಂದು ನಿಲ್ಲಿಸಿದ.

"ಅತ್ತೆ, ಈ ನಾಲ್ಕರಲ್ಲಿ ನಿಮಗ್ಯಾವ್ದು ಇಷ್ಟ?"

"ಉಗ್ರಾಣಕ್ಕೆ ಯಾವ್ದಾದ್ರೇನೋ? ಈ ಅರಿಶಿನದ್ದು ಚೆನ್ನಾಗೈತೆ, ಹಾಕ್ಸು" ಎಂದು ಆಕೆ ನಕ್ಕು ಹೋದರು.

ಯಾಕೆ ಕೇಳುತ್ತಿದ್ದಾನೆಂದು ನನಗೆ ಗೊತ್ತಿತ್ತು. ಆಕೆಗೆ ಗೊತ್ತಿರಲಿಲ್ಲ. ಕೂಗಿ ಹೇಳೋಣವೆಂದರೆ ಕೋಣೆಗೆ ಬಾಯೆಲ್ಲಿದೆ? ಮಾರನೇ ದಿನ ಆ ಅರಿಶಿನದ ತೇಪೆಯ ಮೇಲೇ ಮೊದಲು ಬಿಳಿ ಬಳಿಸಿದ. ಹೆಂಡತಿ ಸುನಂದ ಯಾಕೆಂದು ಕೇಳಿದ್ದಕ್ಕೆ, "ಗಾಢ ಬಣ್ಣ ಹಾಕಿದ್ರೆ ರೂಮು ಇನ್ನೂ ಕಿರಿದಾಗಿ ಕಾಣುತ್ತೆ ಕಣೇ" ಎಂದ.

ಶಿವಗಂಗಮ್ಮ ತಂಗಿಯ ಮಗಳ ಬಾಣಂತನಕ್ಕೆಂದು ಗುಬ್ಬಿಗೆ ಹೋದದ್ದೇ ತಡ, ಕೆಲಸ ಜೋರಾಯಿತು. ನನ್ನ ಹಳೆಯ ಸುಣ್ಣವನ್ನೆಲ್ಲ ಕೆರೆದು ಹಾಕಿದರು. ಪುಟ್ಟಿ ಮೆತ್ತಿ, ಉಜ್ಜಿ, ಹಾಲುಕೆನೆಯ ಬಣ್ಣ ಬಳಿದರು. ನನ್ನ ಪುಟ್ಟ ಕಿಟಕಿಯ ಎದುರಿಗೆ ಕನ್ನಡಿಯನ್ನೂ ತೂಗುಹಾಕಿದರು. ಮೂಗಿಗೆ ತುಪ್ಪ ಸವರುವುದು ಎನ್ನುತ್ತಾರಲ್ಲ, ಅದನ್ನು ನನ್ನ ನಾಲ್ಕೂ ಗೋಡೆಗೆ ಸವರಿದರು. ನೆರೆಹೊರೆಯವರು ಬಂದು ಬರೀ ಕೋಣೆಯಲ್ಲಿ ನಿಂತು "ಅಯ್ಯೋ, ಎಷ್ಟು ದೊಡ್ಡದಾಗಿ ಕಾಣ್ತದೆ!" ಎಂದು ಬಾಯಿಬಿಟ್ಟರು. ಥೂ! ಒಳಗೆ ಏನೂ ಇಲ್ಲದಿದ್ದರೆ ಮಡಕೆಯೂ ದೊಡ್ಡದೇ. ನನಗೆ ಮೈಯೆಲ್ಲ ಉರಿದುಹೋಯಿತು.

ಬಾಣಂತನ ಮುಗಿಸಿ ಶಿವಗಂಗಮ್ಮ ಬಂದಾಗ ಮುಂದಿನ ಕೋಣೆಯಲ್ಲಿ ಮೇಜು, ಕುರ್ಚಿ, ಗಾಜಿನ ಬಾಗಿಲು. ಕೈಯಲ್ಲಿದ್ದ ಚೀಲವನ್ನು ಇನ್ನೂ ಕೆಳಗಿಟ್ಟಿರಲಿಲ್ಲ.

"ನನ್ ಮಂಚ ಎಲ್ಲೋ ಯೋಗೀಶ?"

"ಬನ್ನಿ ಅತ್ತೆ, ನಿಮಗೆ ಹೊಸ ರೂಮು ರೆಡಿ ಮಾಡ್ಸಿದೀನಿ. ನೀವೇ ಬಂದು ಬಣ್ಣ ನೋಡಿದ್ರಲ್ಲ."

"ಯಾವ ಬಣ್ಣ ಅಂತ ಕೇಳಿದ್ಯಪ್ಪ. ಏಳ್ತೀರಾ ಅಂತ ಕೇಳಿದ್ಯಾ?"

ಅವನು ಆಳುಗಳನ್ನು ಕರೆದು ಮಂಚ ಹೊರಿಸಿದ. ಅಡ್ಡಕ್ಕೆ ಇಟ್ಟರು, ಹಿಡಿಸಲಿಲ್ಲ. ಉದ್ದಕ್ಕೆ ಇಟ್ಟರು, ಕೂತಿತು. ಯೋಗೀಶ ಗೆದ್ದವನ ಹಾಗೆ ಬೆವರು ಒರೆಸಿಕೊಂಡ. ಆಗ ದಿಂಬು ಹಿಡಿದು ಬಂದ ಸುನಂದ ಬಾಗಿಲಲ್ಲೇ ನಿಂತಳು. "ರೀ, ತಲೆ ಯಾವ ಕಡೆಗೆ?"

ನೋಡಿ ಇವರ ಬುದ್ಧಿ! ಬಣ್ಣಕ್ಕೆ ಒಂದು ತಿಂಗಳು ತಲೆ ಕೆಡಿಸಿಕೊಂಡವರು, ಮುದುಕಿ ತಲೆ ಎಲ್ಲಿಡಬೇಕೆಂದು ಒಂದು ಗಳಿಗೆ ಯೋಚಿಸಿರಲಿಲ್ಲ. ಉತ್ತರಕ್ಕೆ ತಲೆ ಹಾಕಿ ಜೀವವಿರುವವರು ಮಲಗಬಾರದು. ದಕ್ಷಿಣಕ್ಕೆ ಹಾಕಿದರೆ ಕಾಲು ನೇರವಾಗಿ ದೇವರಮನೆಯ ಗೋಡೆಗೆ. ಅಡ್ಡಕ್ಕೆ ಜಾಗವೇ ಇಲ್ಲ. ಗುರುಬಸಪ್ಪನವರು ನನ್ನನ್ನು ರಾಗಿಗೆಂದು ಕಟ್ಟಿಸಿದ್ದರು ಸ್ವಾಮಿ, ರಾಗಿಗೆ ತಲೆಯೂ ಇಲ್ಲ, ಕಾಲೂ ಇಲ್ಲ.

"ದೇವ್ರನ್ನೇ ತಂದು ನಡುಮನೇಲಿ ಇಟ್ರಾಯ್ತು ಬಿಡಿ" ಎಂದಳು ಸುನಂದ.

ಯೋಗೀಶ ಬೆಂಕಿ ತುಳಿದವನ ಹಾಗೆ ಹಾರಿಬಿದ್ದ. "ನಿಂಗೇನ್ ಹುಚ್ಚಾ? ತಾತ ಕೂರಿಸಿದ ದೇವ್ರು ಅದು! ಕೂತ ಜಾಗದಿಂದ ಏಳಿಸಿದ್ರೆ ಮನೆಗೆ ಒಳ್ಳೇದಾಗುತ್ತಾ?"

ಶಿವಗಂಗಮ್ಮ ನನ್ನ ಬಾಗಿಲಿಗೆ ಕೈ ಕೊಟ್ಟು ನಿಂತಿದ್ದರು. "ನಿಮ್ಮ ತಾತನೇ ಕಣೋ ನನ್ನೂ ಕೂರಿಸಿದ್ದು. ದೇವ್ರನ್ನ ಏಳಿಸಿದ್ರೆ ಕೇಡು, ನನ್ನ ಏಳಿಸಿದ್ರೆ ಏನೂ ಇಲ್ವಾ?"

ಅವನು ತಲೆಯೆತ್ತಿ ಸೂರು ನೋಡಿದ. ಮೇಲೆ ಇನ್ನಷ್ಟು ಬಿಳಿ ಬಳಿಸಿದ್ದನಲ್ಲ, ಚೆನ್ನಾಗಿ ಕಂಡಿರಬೇಕು. ಆಮೇಲೆ ಮೆಲ್ಲಗೆ, "ಮಂಚನ ಸ್ವಲ್ಪ ಕುಯ್ಸಿದ್ರೆ ಅಡ್ಡಕ್ಕೆ ಹಿಡಿಯುತ್ತೆ ಅತ್ತೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ" ಎಂದ.

"ಮಂಚಕ್ಕೆ ಗರಗಸ ಇಟ್ರೆ ನಿನ್ ಕೈ ಮುರೀತೀನಿ! ನಮ್ಮಪ್ಪ ಮಾಡ್ಸಿದ್ದು ಅದು. ತಗೊಂಡ್ಹೋಗಿ ಅಟ್ಟಕ್ಕೆ ಹಾಕು. ನಾನು ಮಲಗೋದೇ ಇಲ್ಲ, ಹೋಗು."

ಆಡಿದ ಹಾಗೇ ಮಾಡಿದರು ಮಹಾತಾಯಿ. ನೆಲಕ್ಕೊಂದು ಕೌದಿ ಹಾಸಿಕೊಂಡು, ಉತ್ತರದ ಗೋಡೆಗೆ ಬೆನ್ನು ಕೊಟ್ಟು ಕೂತರು. ಹಗಲೂ ಹಾಗೆಯೇ, ರಾತ್ರಿಯೂ ಹಾಗೆಯೇ. ಕೂತೇ ತೂಕಡಿಕೆ, ಕೂತೇ ನಿದ್ದೆ. ಕನ್ನಡಿಯ ಮೇಲೆ ಹಳೇ ಸೀರೆ ಎಳೆದರು. ಸುನಂದ ಕಣ್ಣಲ್ಲಿ ನೀರು ಹಾಕಿಕೊಂಡು "ದಮ್ಮಯ್ಯ ಅತ್ತೆ, ನಡುಮನೇಲಾದ್ರೂ ಬಂದು ಮಲಗಿ" ಎಂದು ಅಂಗಲಾಚಿದಳು. "ನನ್ನ ಕೋಣೆ ಕೊಡ್ಸು, ಮಲಗ್ತೀನಿ" ಎಂದರು. ಕಾಲು ಊದಿಕೊಂಡವು, ಬೆನ್ನು ಬಾಗಿತು. ಯೋಗೀಶ ಮಂಡಿಗೆ ಬಂದವರ ಹತ್ತಿರ, "ನಮ್ಮತ್ತೆಗೆ ಕೂತೇ ನಿದ್ದೆ ಮಾಡೋ ಅಭ್ಯಾಸ" ಎನ್ನುತ್ತಿದ್ದ. ಅವನ ನಾಲಿಗೆಗೆ ಹುಳ ಬೀಳಲಿ! ಗೋಡೆಯನ್ನು ಒಂದು ಮೊಳ ಆಚೆ ಸರಿಸುವ ಶಕ್ತಿ ನನಗಿದ್ದಿದ್ದರೆ ಅಡ್ಡಕ್ಕಾದರೂ ಜಾಗ ಮಾಡಿಕೊಡುತ್ತಿದ್ದೆ. ದೊಡ್ಡದಾಗಿ ಕಾಣುವುದು ಬಿಟ್ಟರೆ ನನ್ನ ಕೈಲಿ ಇನ್ನೇನೂ ಆಗಲಿಲ್ಲ. ಆ ಸಂಕಟ ಇವತ್ತಿಗೂ ಹೋಗಿಲ್ಲ.

ಎರಡು ಮಳೆಗಾಲ ಹೀಗೇ ಕಳೆಯಿತು. ಒಂದು ಬೆಳಿಗ್ಗೆ ಸುನಂದ ಕಾಫಿ ತಂದು "ಅತ್ತೆ" ಎಂದಳು. ಶಿವಗಂಗಮ್ಮ ಕೂತಿದ್ದರು, ಮಾತಿಲ್ಲ. ಮುಟ್ಟಿ ನೋಡಿ ಲೋಟ ಕೈಬಿಟ್ಟಳು.

ಈ ಮನೆಯವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಗೋಡೆಗೆ ಒರಗಿಸಿ ಕೂರಿಸುತ್ತಾರೆ, ವಿಭೂತಿ ಹಚ್ಚಿ ಹಾರ ಹಾಕುತ್ತಾರೆ, ಕೂರಿಸಿಯೇ ಮಣ್ಣು ಮಾಡುತ್ತಾರೆ. ಯೋಗೀಶನಿಗೆ ಅತ್ತೆಯನ್ನು ಕೂರಿಸುವ ಶ್ರಮವೂ ಬೀಳಲಿಲ್ಲ. ಬೀದಿಯ ಜನ ಬಂದು ನೋಡಬೇಕಲ್ಲ, ಮರ್ಯಾದೆಯ ಪ್ರಶ್ನೆ ನೋಡಿ, ಮೇಜು, ಕುರ್ಚಿ ಎಲ್ಲ ಕಣ್ಣು ಮಿಟುಕಿಸುವುದರೊಳಗೆ ಅಂಗಳಕ್ಕೆ ಹೋದವು. ಮುಂದಿನ ಕೋಣೆ ಖಾಲಿಯಾಯಿತು. ಆಕೆಯನ್ನು ಅಲ್ಲಿ ಕೂರಿಸಿದರು. ಸಂಜೆ ಮಣ್ಣು ಮುಗಿಸಿ ಬಂದು, ಮಾರನೇ ದಿನವೇ ಮೇಜು ಒಳಗೆ ತಂದರು.

ಆಮೇಲೆ ಯೋಗೀಶನ ಕಣ್ಣಿಗೆ ಅದು ಬಿತ್ತು. ಆಕೆ ತಲೆ ಆನಿಸಿ ಕೂರುತ್ತಿದ್ದ ಕಡೆ, ಕೊಬ್ಬರಿ ಎಣ್ಣೆ ಹೀರಿದ ಕಲೆ, ಒಂದು ತಲೆಯಷ್ಟು ಅಗಲ. ಬಣ್ಣದವನನ್ನು ಕರೆಸಿ ಬಳಿಸಿದ. ವಾರದಲ್ಲಿ ಕಲೆ ಎದ್ದು ಬಂತು. ಮತ್ತೆ ಬಳಿಸಿದ, ಮತ್ತೆ ಬಂತು. "ಎಣ್ಣೆ ಒಳಕ್ಕಿಳಿದೈತೆ ಅಣ್ಣಾ, ಗಾರೆ ಕಿತ್ತೇ ತೆಗೀಬೇಕು" ಎಂದ ಬಣ್ಣದವನು. ಕೀಳುವುದು ಹೇಗೆ? ಆಚೆ ಬದಿಗೆ ದೇವರು ಕೂತಿದ್ದಾನಲ್ಲ, ಆ ಗೋಡೆಗೆ ಉಳಿ ಮುಟ್ಟಿಸುವ ಹಾಗಿಲ್ಲ.

ನಾನೀಗ ಹಳಬ. ಹಾಲುಕೆನೆ ಬಣ್ಣ ಹೊಗೆ ಹಿಡಿದು ಹಕ್ಕಳೆ ಏಳುತ್ತಿದೆ, ಕನ್ನಡಿ ಎಲ್ಲಿಗೆ ಹೋಯಿತೋ, ರಾಗಿ ಚೀಲಗಳು ವಾಪಸು ಬಂದಿವೆ. ಯಾರೂ ಈಗ ನನ್ನನ್ನು ದೊಡ್ಡದು ಎನ್ನುವುದಿಲ್ಲ. ಯೋಗೀಶನಿಗೂ ತಲೆ ನೆರೆತಿದೆ. ರಾಗಿ ತೆಗೆಯಲು ಬಂದಾಗ ಕಲೆಯಿರುವ ಆ ಗೋಡೆಗೆ ಬೆನ್ನು ಮಾಡಿ, ಚೀಲಗಳ ಕಡೆಗೆ ಸರಿದು, ಉಸಿರು ಬಿಗಿಹಿಡಿದು ನಿಲ್ಲುತ್ತಾನೆ. ಸರಿಯಲಿ. ಇಷ್ಟು ಜಾಗದಲ್ಲಿ ಎಷ್ಟು ದೂರ ಸರಿದಾನು?