ಎಸೆದ ಚೆಂಡು

ಮಧ್ಯಾಹ್ನದ ಬಿಸಿಲು ಅಂಕಣದ ಮೇಲಿನ ವೀಕ್ಷಕ ವಿವರಣೆಯ ಗಾಜಿನ ಕೋಣೆಯೊಳಗೆ ಬಂದು ಬೆಚ್ಚಗೆ ಮಲಗಿತ್ತು. ಅಷ್ಟು ಎತ್ತರದಿಂದ ನೋಡಿದರೆ ಟೆನಿಸ್‌ಗೆ ಸದ್ದೇ ಇಲ್ಲ; ಚೆಂಡು ಅತ್ತಿತ್ತ ತೇಲುತ್ತದೆ, ಅಷ್ಟೆ. ಆಡುವ ಕಾಲದಲ್ಲಿ ತುಟಿ ಬಿಚ್ಚದವನು ಮೈಕಿನ ಮುಂದೆ ಕೂತಮೇಲೆ ಜನ ಅವನಿಗೆ ಮಾತಿನಮಲ್ಲ ಅಂತಲೇ ಹೆಸರಿಟ್ಟಿದ್ದರು. ಇವತ್ತು ಮಾತ್ರ ಮಾತು ತೊದಲುತ್ತಿತ್ತು. ಕೆಳಗೆ ಫೈನಲ್ ಆಡುತ್ತಿರುವುದು ತನ್ನ ಮಗಳೋ, ಇಪ್ಪತ್ತೆರಡು ವರ್ಷದ ಹಿಂದಿನ ತಾನೋ ಎಂಬುದೇ ಆಗಾಗ ಮರೆತುಹೋಗುತ್ತಿತ್ತು.

ಅವನದೂ ಇಂಥದೇ ಫೈನಲ್. ಮೊದಲನೆಯದು ತಪ್ಪಿ, ಉಳಿದ ಕೊನೆಯ ಸರ್ವ್‌ಗೆ ಮೇಲೆಸೆದ ಚೆಂಡು ಎಡಕ್ಕೆ ವಾಲಿತು. ಹೊಡೆಯದೆ ಕೈಯಲ್ಲಿ ಹಿಡಿದು ಮತ್ತೆ ಎಸೆಯಬಹುದು, ಯಾರೂ ತಪ್ಪೆನ್ನುವುದಿಲ್ಲ. ಹಿಡಿದರೆ ಹೆದರಿದ ಅಂತಾರಲ್ಲ ಎಂದು ಮಹಾರಾಯ ಬೀಸಿಯೇಬಿಟ್ಟ. ಚೆಂಡು ಬಲೆಗೆ ಬಿತ್ತು, ಕಪ್ ಎದುರಾಳಿಯ ಮನೆಗೆ ಹೋಯಿತು.

ಕೋಚ್ ಆದಮೇಲಾದರೂ ಬುದ್ಧಿ ಬಂತೇ? ಎಲ್ಲಿಂದ ಬರಬೇಕು. ಶಿಷ್ಯರಿಗೆಲ್ಲ ಅದೇ ಪಾಠ: "ಎಸೆದ ಮೇಲೆ ಹೊಡೀಲೇಬೇಕು. ಹಿಡಿಯೋದು ಹೇಡಿಗಳ ಕೆಲಸ." ಒಂಬತ್ತು ವರ್ಷದ ಮಗಳು ಒಮ್ಮೆ ಹಿಡಿದಿದ್ದಕ್ಕೆ ಅಂಗಳ ಹತ್ತು ಸುತ್ತು ಓಡಿಸಿದ್ದ.

"ನಿನ್ನ ಭೂತವನ್ನ ಅವಳ ತಲೆ ಮೇಲೆ ಯಾಕೆ ಕೂರಿಸ್ತೀಯ?" ಅಂದಿದ್ದಳು ಹೆಂಡತಿ.

ಅವನು ಮಗಳ ಕೈಗೆ ಮತ್ತೆ ಚೆಂಡು ಕೊಟ್ಟಿದ್ದ. ತಪ್ಪು ಅಂತ ಒಪ್ಪಿಕೊಂಡರೆ ಅಷ್ಟು ವರ್ಷದ ಬಿಗುಮಾನವನ್ನು ಎಲ್ಲಿ ಇಟ್ಟುಕೊಳ್ಳುವುದು?

ಈಗ ಮಗಳ ಎರಡನೇ ಸರ್ವ್. ಇದೂ ತಪ್ಪಿದರೆ ಪಂದ್ಯ ಮುಗಿಯಿತು. ಅವಳು ಅಪ್ಪನ ಹಾಗೆಯೇ ನಾಲ್ಕು ಸಲ ಚೆಂಡು ಪುಟಿಸಿದಳು, ಅಪ್ಪನ ಹಾಗೆಯೇ ಉಸಿರೆಳೆದು ಮೇಲೆಸೆದಳು. ಚೆಂಡು ಎಡಕ್ಕೆ ವಾಲಿತು. ನಾನೇ ಕಲಿಸಿದ್ದು, ಹೊಡೆದೇ ಹೊಡೀತಾಳೆ, ಅಯ್ಯೋ ನನ್ನ ಕೂಸೇ ಅಂತ ಅವನು ಒಳಗೊಳಗೇ ಅತ್ತ.

ಅವಳು ಹೊಡೆಯಲಿಲ್ಲ. ಬಿಸಿಲಲ್ಲಿ ನಿಧಾನವಾಗಿ ಇಳಿದು ಬಂದ ಚೆಂಡನ್ನು ಅಂಗೈ ಚಾಚಿ ಹಿಡಿದಳು. ಎದುರಾಳಿಗೆ ಕೈಯೆತ್ತಿ ಕ್ಷಮೆ ಕೇಳಿದಳು. ಮತ್ತೆ ಎಸೆದು ಹೊಡೆದಳು. ಎದುರಾಳಿ ತಿರುಗಿಸಿದ ಚೆಂಡು ಗೆರೆ ದಾಟಿ ಹೊರಗೆ ಬಿತ್ತು. ಪಂದ್ಯ ಉಳಿಯಿತು.

ಮೇಲೆ, ಅವನ ಪಕ್ಕದಲ್ಲಿ ಕೂತು ವಿವರಣೆ ಕೊಡುತ್ತಿದ್ದ ಜೊತೆಗಾತಿ ಮೊಣಕೈಯಿಂದ ತಿವಿದಳು. "ಏನಾದ್ರೂ ಹೇಳಿ ಸಾರ್."

"ಹಿಡೀಬಹುದಿತ್ತು," ಅಂದ ಅವನು.

"ಹಿಡಿದಳಲ್ಲ?"

"ಅವಳಲ್ಲ. ನಾನು."

ಮೈಕಿನ ಮೂಲಕ ಅದು ಊರಿಗೆಲ್ಲ ಕೇಳಿಸಿತು. ಮನೆಯಲ್ಲಿ ಟೀವಿ ಮುಂದೆ ಕೂತಿದ್ದ ಹೆಂಡತಿಗೂ ಕೇಳಿಸಿತು.