ಆಹ್ವಾನಿಸುವವರು

ನೇರಳೆ ಗೆರೆ ಮೂಡಿತು, ಮಾಯವಾಯಿತು, ಮತ್ತೆ ಮೂಡಿತು — ಅಮ್ಮನ ಹೆಸರು ಹಾಳೆಯ ನಟ್ಟನಡುವೆ ಬಂದಾಗಲೆಲ್ಲ ಲ್ಯಾಪ್‌ಟಾಪಿನ ತೆರೆಯ ಮೇಲಿಂದ ಕೆಳಗೆ ಕೂದಲೆಳೆಯಂಥ ಗೆರೆಯೊಂದು ಇಳಿದು ಹಾಂ ಇಲ್ಲೇ ಅನ್ನುತ್ತದೆ, ಬೆರಳು ತುಸು ಅಲುಗಿದರೆ ಅಳಿಸಿಹೋಗುತ್ತದೆ, ಶ್ರದ್ಧಾಳ ಬೆರಳೋ ಬೆಳಗ್ಗಿನಿಂದ ನಿಂತಲ್ಲಿ ನಿಲ್ಲುತ್ತಿಲ್ಲ, ಜಯಲತಾ, ಇಷ್ಟು ದೊಡ್ಡ ಅಕ್ಷರದಲ್ಲಿ ಅಮ್ಮನ ಹೆಸರನ್ನು ಅವಳು ಹುಟ್ಟಿದ ಮೇಲೆ ಎಲ್ಲೂ ಕಂಡಿಲ್ಲ, ರೇಷನ್ ಕಾರ್ಡಿನಲ್ಲಿ ಅಪ್ಪನ ಹೆಸರು, ಸೊಸೈಟಿಯ ಬೋರ್ಡಿನಲ್ಲಿ ಅಪ್ಪನ ಹೆಸರು, ಡೊಂಬಿವಲಿಯ ಈ ಮನೆಗೆ ಲೈಟ್ ಬಿಲ್ಲು ಈಗಲೂ ಬರುವುದು ಧರ್ಮಪಾಲ ಎಂಬವರಿಗೆ, ಅವರು ಥಾಣೆಯ ಹೋಟೆಲಿನ ಗಲ್ಲಾಪೆಟ್ಟಿಗೆಯ ಮೇಲೆ ತಲೆಯಿಟ್ಟು ಹಾಗೇ ಹೋಗಿಬಿಟ್ಟಾಗ ಅವಳಿನ್ನೂ ಕಾಲೇಜಿಗೆ ಹೋಗುತ್ತಿದ್ದಳು, ಈಗ ಊರವರಿಗೆಲ್ಲ ಕಾರ್ಡು ಮಾಡಿಕೊಡುವುದೇ ಅವಳ ಕೆಲಸ, ಗೃಹಪ್ರವೇಶ, ನಾಮಕರಣ, ಬರ್ತ್‌ಡೇ, ಎಲ್ಲರಿಗೂ ಕೂತಲ್ಲೇ ಮಾಡಿ ಕಳಿಸುತ್ತಾಳೆ, ಈ ಒಂದು ಕಾರ್ಡು ಮಾತ್ರ ಕೈಗೆ ಬಗ್ಗುತ್ತಿಲ್ಲ, ವಧು ಅನ್ನುವ ಜಾಗದಲ್ಲಿ ಅಮ್ಮ, ವರ ಅನ್ನುವ ಜಾಗದಲ್ಲಿ ಶಂಭು, ಪಕ್ಕದ ಊರು ಕಲ್ಯಾಣದ ಧಾನ್ಯದ ಅಂಗಡಿಯಲ್ಲಿ ಲೆಕ್ಕ ಬರೆಯುವ ಶಂಭು ಅಂಕಲ್, ಕನ್ನಡ ಸಂಘದ ಭಜನೆಯಲ್ಲಿ ಅಮ್ಮನ ಹಿಂದೆ ಕೂತು ತಾಳ ತಪ್ಪಿಸುತ್ತಿದ್ದವರು. ಅಡುಗೆಮನೆಯಲ್ಲಿ ಎಣ್ಣೆ ಚುರುಗುಟ್ಟುತ್ತಿದೆ, ಅಮ್ಮ ಗೋಳಿಬಜೆ ಕರಿಯುತ್ತಿದ್ದಾಳೆ, ಜಗಳಕ್ಕೆಂದು ಬರುತ್ತಿರುವ ಮಗನಿಗೆ ಗೋಳಿಬಜೆ.

ಯಾಕೆಂದರೆ ಯೋಗೀಶ್ ಬರುತ್ತಿದ್ದಾನೆ, ಖಾರ್ಘರ್‌ನಿಂದ ಹೊರಟಾಗಿದೆ, ನಾನು ಬರುವವರೆಗೆ ಪ್ರಿಂಟಿಗೆ ಕಳಿಸಿದರೆ ನೋಡು ಅಂದಿದ್ದಾನೆ, ಮದುವೆಯ ವಿಷಯ ಹೇಳಿ ತಿಂಗಳಾಯಿತು, ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ನಿನ್ನೆ ಕಾಗುಣಿತ ನೋಡು ಅಣ್ಣ ಅಂತ ಕಾರ್ಡು ಕಳಿಸಿದ್ದೇ ತಪ್ಪಾಯಿತು, ಬೆಳಗ್ಗೆ ಎದ್ದು ಫೋನ್, ನನ್ನ ಹೆಸರು ಹಾಕುವ ಮೊದಲು ನನ್ನನ್ನು ಕೇಳಿದಿರಾ, ಅಪ್ಪನ ಹೆಸರು ಆ ಮನುಷ್ಯನ ಹೆಸರಿನ ಪಕ್ಕದಲ್ಲಿ ಏನು ಮಾಡುತ್ತಿದೆ — ಪಕ್ಕದಲ್ಲಿ ಅಲ್ಲ ಅಣ್ಣ, ಮೇಲೆ, ಎಲ್ಲಕ್ಕಿಂತ ಮೇಲೆ ಅಂತ ಹೇಳುವಷ್ಟರಲ್ಲಿ ಕಟ್ ಮಾಡಿದ್ದ, ಮೇಲೆ ಇದೆ, ನಿಜ, ಧರ್ಮಪಾಲರನ್ನು ನೆನೆದು ಅಂತ ಒಂದೇ ಸಾಲು, ಅಮ್ಮನೇ ಹೇಳಿ ಬರೆಸಿದ್ದು, ಅವರನ್ನು ಬಿಟ್ಟು ನಾನು ಎಲ್ಲಿಂದ ಬಂದೆ ಅಂತ ಜನ ಕೇಳುವುದಿಲ್ಲವಾ ಅಂತ, ಇನ್ನು ಕೆಳಗಿನ ಸಾಲು, ಅದೇ ಮುಳ್ಳು, ಆಹ್ವಾನಿಸುವವರು, ಎಲ್ಲ ಕಾರ್ಡುಗಳಲ್ಲಿ ತಂದೆತಾಯಿ ಮಕ್ಕಳ ಮದುವೆಗೆ ಕರೆಯುತ್ತಾರೆ, ಇದರಲ್ಲಿ ಮಕ್ಕಳು ತಾಯಿಯ ಮದುವೆಗೆ ಕರೆಯಬೇಕು, ಯೋಗೀಶ್, ದಿಶಾ, ಶ್ರದ್ಧಾ, ಒಂದೊಂದು ಹೆಸರಿಗೆ ಒಂದೊಂದು ಚೌಕ, ನಡುವೆ ಸಣ್ಣ ಮಲ್ಲಿಗೆ ಮೊಗ್ಗು, ಮೂರನ್ನೂ ಹಿಡಿದು ಗ್ರೂಪ್ ಅಂತ ಒತ್ತಿದಳು ಮೊನ್ನೆ, ಒತ್ತಿದ ಮೇಲೆ ಒಂದನ್ನು ಎಳೆದರೆ ಮೂರೂ ಬರುತ್ತವೆ, ಅಂತರ ಕೆಡುವುದಿಲ್ಲ, ಅಣ್ಣ, ಅತ್ತಿಗೆ, ತಂಗಿ, ಎಳೆದಲ್ಲಿಗೆ ಒಟ್ಟಿಗೆ ಬರುತ್ತಾರೆ, ಇಷ್ಟು ಸಲೀಸಾಗಿ ಇವರು ಮೂವರು ಒಂದು ಹೋಟೆಲಿಗೂ ಒಟ್ಟಿಗೆ ಹೋದದ್ದಿಲ್ಲ. ಫೋನ್ ಮಿಣುಕಿತು, ಅವನೇ, ಒಂದೇ ಶಬ್ದ, ಥಾಣೆ. ಅಂದರೆ ಇನ್ನು ಸ್ಲೋ ಲೋಕಲ್ ಟ್ರೈನ್ ಹಿಡಿದರೆ ಕಳವಾ, ಮುಂಬ್ರಾ, ದಿವಾ, ಕೋಪರ್, ಆಮೇಲೆ ಡೊಂಬಿವಲಿ, ಅತ್ತ ಕಲ್ಯಾಣದಲ್ಲಿ ಪ್ರಿಂಟಿಂಗ್ ಪ್ರೆಸ್ಸಿನ ಕೌಶಲ್ ಎರಡು ಸಲ ಫೋನ್ ಮಾಡಿ ಆಯಿತು, ಊಟದ ಹೊತ್ತಿಗೆ ಫೈಲ್ ಬರದಿದ್ದರೆ ಮಷೀನಿಗೆ ಚುನಾವಣೆಯ ಬ್ಯಾನರ್ ಹಾಕುತ್ತೇನೆ ಮೇಡಂ, ಆಮೇಲೆ ನನ್ನನ್ನು ಬೈಯಬೇಡಿ ಅಂದಿದ್ದಾನೆ, ಅಮ್ಮ ಬೆಳಗ್ಗೆ ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತ ಏನೆಂದಳು, ಯೋಗಿ ಬೇಡ ಅಂದರೆ ಬೇಡ ಬಿಡು, ಈ ವಯಸ್ಸಿನಲ್ಲಿ ಮಗನ ಹತ್ತಿರ ಹಟ ಮಾಡಿ ಮದುವೆಯಾಗುವುದಕ್ಕೆ ನಾನೇನು ಹುಡುಗಿಯಾ, ಎಷ್ಟು ಸಲೀಸಾಗಿ ಅಂದುಬಿಟ್ಟಳು, ಎಣ್ಣೆಯ ಬಾಟಲಿಗೆ ಮುಚ್ಚಳ ಹಾಕುವುದನ್ನು ಮಾತ್ರ ಮರೆತಳು, ಅಷ್ಟೇ, ಶ್ರದ್ಧಾ ಅದನ್ನು ನೋಡಿದಳು.

ಕಿಟಕಿಯಿಂದ ಕೆಮಿಕಲ್ ಕಂಪನಿಗಳ ವಾಸನೆ ನುಗ್ಗುತ್ತಿದೆ, ಎದ್ದು ಮುಚ್ಚಿದಳು, ಮತ್ತೆ ಕೂತಳು, ಶಂಭು ಅಂಕಲ್ ಮೊದಲ ಸಲ ಈ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದವರು ನೇರ ಅಪ್ಪನ ಫೋಟೋದ ಮುಂದೆ ಹೋಗಿ ನಿಂತು, ಕೈ ಮುಗಿಯಬೇಕೋ ಬೇಡವೋ ಗೊತ್ತಾಗದೆ ಅಮ್ಮನ ಮುಖ ನೋಡಿದ್ದರು, ಅಮ್ಮ ನೋಡದ ಹಾಗೆ ಒಳಗೆ ಹೋಗಿದ್ದಳು, ಕಾರ್ಡಿನ ಮೇಲೆ ಅಪ್ಪನ ಹೆಸರೂ ಬರುತ್ತದೆ ಅಂತ ಫೋನಿನಲ್ಲಿ ಹೇಳಿದಾಗ ಶಂಭು ಅಂಕಲ್, ಬರಲಿ, ಬರಬೇಕು, ನನ್ನದು ಸ್ವಲ್ಪ ಸಣ್ಣದಾದರೂ ಆಗುತ್ತದೆ ಅಂದರು, ಒಳ್ಳೆಯವರೋ ಅಲ್ಲವೋ ಅವಳಿಗಿನ್ನೂ ತೀರ್ಮಾನಕ್ಕೆ ಬರಲಾಗಿಲ್ಲ, ಆದರೆ ಅವರು ಬಂದುಹೋದ ದಿನ ಅಮ್ಮ ಪಾತ್ರೆ ತೊಳೆಯುತ್ತ ಹಾಡು ಗುನುಗುತ್ತಾಳೆ, ಅಷ್ಟು ಸಾಕಲ್ಲ, ಸಾಕಾ? ಫೋನ್, ದಿವಾ ಅಂತ. ಬರುತ್ತಿದ್ದಾನೆ, ಬಂದೇಬಿಟ್ಟ, ಯಾವುದಕ್ಕೂ ಅವನ ಹೆಸರಿಲ್ಲದ ಇನ್ನೊಂದು ಕಾಪಿ ಮಾಡಿ ಇಟ್ಟುಕೊಂಡಿದ್ದರೆ, ಬೈದು ಮುಗಿಸುವಷ್ಟರಲ್ಲಿ ಕಳಿಸಿಬಿಟ್ಟರೆ, ಅಮ್ಮ ಬೇಡ ಅನ್ನುವ ಮೊದಲೇ — ಕೆಳಗಿನ ಸಾಲನ್ನು ಒತ್ತಿ ಅನ್‌ಗ್ರೂಪ್ ಅಂದಳು, ಅವಸರ, ಬೆಳಗ್ಗೆ ಎಲ್ಲವನ್ನೂ ಒಟ್ಟಿಗೆ ಮೇಲೆ ಸರಿಸಲೆಂದು ಇಡೀ ಹಾಳೆಯನ್ನೇ ಒಂದು ಗ್ರೂಪ್ ಮಾಡಿಟ್ಟದ್ದು ಮರೆತೇ ಹೋಗಿತ್ತು, ಎಲ್ಲ ಸಡಿಲವಾಯಿತು, ಗಂಟು ಬಿಚ್ಚಿದ ಹಾಗೆ, ಮೊಗ್ಗು ಹಿಡಿಯಲು ಹೋದರೆ ಮುಹೂರ್ತ ಬಂತು, ಮುಹೂರ್ತ ಬಿಟ್ಟರೆ ಅಪ್ಪನ ಹೆಸರು ಬೆರಳಿಗೆ ಅಂಟಿಕೊಂಡು ಕೆಳಗೆ ಜಾರಿತು, ಜಾರಿ ಶಂಭು ಅನ್ನುವುದರ ಮೇಲೆ ಬಿತ್ತು, ಅಕ್ಷರದ ಮೇಲೆ ಅಕ್ಷರ, ಯಾರ ಹೆಸರೂ ಓದಲಾಗದ ಒಂದು ಕಪ್ಪು ಗಂಟು, ಹಿಂದಕ್ಕೆ ಹೋಗು ಅಂತ ಒತ್ತಿದರೆ ನೆಟ್ ನಿಂತು ತೆರೆಯ ಮೇಲೆ ಸಣ್ಣ ಚಕ್ರ ತಿರುಗತೊಡಗಿತು, ತಿರುಗುತ್ತಲೇ ಇದೆ, ಆಗಲೇ ಬೆಲ್ಲು, ಅಮ್ಮ ಬಂದು ಬಾಗಿಲು ತೆಗೆದ ಸದ್ದು, ಬಾ ಮಗಾ, ಮುಖ ತೊಳೆದುಕೋ, ಅವನ ಬೂಟಿನ ಸದ್ದು ನಿಲ್ಲದೆ ನೇರ ಇವಳ ಬೆನ್ನ ಹಿಂದೆ.

ಇದೇನು, ಅಂದ ಯೋಗೀಶ್. ಅದು ತಪ್ಪಿ ಬಿದ್ದದ್ದು ಅಣ್ಣ, ನೆಟ್ ಇಲ್ಲ. ತಪ್ಪಿ ಬಿದ್ದದ್ದಾ, ಅಪ್ಪನನ್ನು ತೆಗೆದು ಅವನ ಮೇಲೆ ಹಾಕಿ ತಪ್ಪಿ ಬಿದ್ದದ್ದಾ, ಬೆವರಿನ ವಾಸನೆ, ಟ್ರೈನಿನ ಕಬ್ಬಿಣದ ವಾಸನೆ, ಅವಳು ತಿರುಗಿ ನೋಡಲಿಲ್ಲ, ಚಕ್ರ ನೋಡುತ್ತಿದ್ದಳು, ನಿಂತುಬಿಡು, ನಿಂತುಬಿಡು, ನಿಂತಿತು, ಹೆಸರುಗಳು ಚಟ್ಟನೆ ತಮ್ಮ ತಮ್ಮ ಜಾಗಕ್ಕೆ ಹಾರಿದವು, ಆದರೆ ಹೊತ್ತು ಮೀರಿತ್ತು, ಅವನು ಅಮ್ಮನ ಕಡೆ ತಿರುಗಿದ್ದ, ಅಮ್ಮ, ನೀನು ಏನು ಬೇಕಾದರೂ ಮಾಡಿಕೋ, ಅಪ್ಪನ ಹೆಸರು ಅದರಲ್ಲಿ ಬೇಡ, ಆಫೀಸಿನಲ್ಲಿ, ದಿಶಾಳ ಮನೆಯಲ್ಲಿ ನಾನು ಯಾವ ಮುಖ ಇಟ್ಟುಕೊಂಡು ಇದನ್ನು ಕೊಡಲಿ ಹೇಳು. ಈಗ ಅಮ್ಮ ಹೇಳುತ್ತಾಳೆ, ಬೇಡ ಬಿಡು ಮಗಾ ಅನ್ನುತ್ತಾಳೆ ಅಂದುಕೊಂಡಳು ಶ್ರದ್ಧಾ, ಕೈಯಲ್ಲಿ ಜಾಲರಿ ಸೌಟು ಹಿಡಿದೇ ಬಂದಿದ್ದ ಅಮ್ಮ, ಎಣ್ಣೆ ಟಪ್ ಟಪ್ ಅಂತ ನೆಲಕ್ಕೆ, ಅಮ್ಮನಿಗೆ ಅದು ಕಾಣುತ್ತಿಲ್ಲ, ಇಲ್ಲ ಯೋಗಿ, ಅಂದಳು ಅಮ್ಮ, ಅದು ಇರುತ್ತದೆ. ಅವರು ನಿನಗೆ ಅಪ್ಪ. ನನಗೆ ಯಾರು ಅಂತ ನೀನು ನನಗೆ ಕಲಿಸಬೇಡ. ಅವನು ಇದನ್ನು ಎಣಿಸಿರಲಿಲ್ಲ, ಇವಳೂ ಎಣಿಸಿರಲಿಲ್ಲ, ಅವನ ಕಿವಿ ಕೆಂಪಾಯಿತು, ಸಣ್ಣವನಿದ್ದಾಗ ಕ್ರಿಕೆಟ್ಟಿನಲ್ಲಿ ಔಟಾದರೆ ಆಗುತ್ತಿದ್ದ ಹಾಗೆ, ಹಾಗಾದರೆ ನನ್ನದು ತೆಗೆಯಿರಿ, ಅಂದ, ಅಂದು ಅಮ್ಮನ ಮುಖವನ್ನೇ ನೋಡುತ್ತ ನಿಂತ, ಬೇಡ ಅನ್ನಲಿ ಅಂತ ಕಾಯುತ್ತಿದ್ದಾನೆ, ಗೊತ್ತಾಗುತ್ತಿದೆ, ಅಮ್ಮನಿಗೂ ಗೊತ್ತಾಗುತ್ತಿದೆ, ಅಮ್ಮ ಸೌಟನ್ನು ಈ ಕೈಯಿಂದ ಆ ಕೈಗೆ ತೆಗೆದುಕೊಂಡಳು, ಶ್ರದ್ಧಾ, ಅವನ ಹೆಸರು ತೆಗೆ ಮಗಾ. ಅಮ್ಮಾ. ತೆಗೆ. ಒತ್ತಾಯಕ್ಕೆ ಹೆಸರು ಕೊಟ್ಟ ಮಗ ಅಂತ ಕಾರ್ಡಿನಲ್ಲಿ ಬರೆಯಲು ಆಗುತ್ತದಾ.

ಮೂರು ಹೆಸರು, ಬಿಡಿಬಿಡಿ, ಮೊದಲನೆಯದನ್ನು ಒತ್ತಿದಾಗ ಅದರ ಸುತ್ತ ಚೌಕ ಎದ್ದಿತು, ಅಳಿಸು ಅನ್ನುವ ಬಟನ್ನಿನ ಮೇಲೆ ಬೆರಳು ಇಟ್ಟು ಅವಳು ಕಾದಳು, ಅಣ್ಣ ಏನಾದರೂ ಹೇಳಲಿ ಅಂತ, ಆಮೇಲೆ ಒತ್ತಿದಳು, ಹೋಯಿತು, ಸದ್ದೇ ಆಗಲಿಲ್ಲ. ದಿಶಾಳದ್ದು ಇರಲಿ, ಅಂದ ಅವನು, ಅವಳು ಬರುತ್ತಾಳಂತೆ, ಸೀರೆಯೂ ತೆಗೆದಿಟ್ಟಿದ್ದಾಳೆ, ಅಷ್ಟು ಹೇಳಿ ಕುರ್ಚಿ ಎಳೆದು ಕೂತ, ಹೋಗಲಿಲ್ಲ, ಅಮ್ಮ ತಂದಿಟ್ಟ ತಟ್ಟೆಯನ್ನು ಮುಟ್ಟಲೂ ಇಲ್ಲ, ದೂರ ತಳ್ಳಲೂ ಇಲ್ಲ. ದಿಶಾ, ಶ್ರದ್ಧಾ ಎರಡನ್ನೂ ಎಳೆದು ನಡುವಿಗೆ ತರಬೇಕಿತ್ತು, ಕ್ಷಣದ ಕೆಲಸ, ನೇರಳೆ ಗೆರೆ ತಾನೇ ಹೇಳಿಕೊಡುತ್ತದೆ, ಕೈ ಏಳಲಿಲ್ಲ, ಹಾಗೇ ಕಳಿಸಿದಳು. ಗೋಳಿಬಜೆ ಆರಿತು. ಕೌಶಲ್‌ನ ಫೋನ್, ಅವನಿಗೆ ಕನ್ನಡ ಓದಲು ಬಾರದು, ಅವನಿಗೆ ಕಾಣುವುದು ಆಕಾರ ಮಾತ್ರ, ಮೇಡಂ, ನೀಚೇ ಕಾ ಲೈನ್ ಲೆಫ್ಟ್ ಮೇ ಖಾಲಿ ದಿಖ್ ರಹಾ ಹೈ, ಸೆಂಟರ್ ಕರ್ ದೂಂ ಕ್ಯಾ? ಸ್ಪೀಕರ್ ಆನ್ ಇತ್ತು, ಕೆಳಗಿನ ಸಾಲಿನ ಎಡಗಡೆ ಖಾಲಿ, ನಡುವಿಗೆ ತರಲಾ ಅಂದದ್ದು ಎಲ್ಲರಿಗೂ ಕೇಳಿತು, ಅಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು, ಯೋಗೀಶ್ ತಲೆಯೆತ್ತಿ ತೆರೆಯ ಮೇಲಿನ ಆ ಖಾಲಿ ಜಾಗ ನೋಡಿದ, ಹಲೋ ಮೇಡಂ, ಮಷೀನ್ ರೆಡಿ ಹೈ, ಸೆಂಟರ್ ಕರೂಂ? ನಹೀಂ, ಅಂದಳು ಶ್ರದ್ಧಾ, ಐಸಾ ಹೀ ರಹನೇ ದೋ, ಮತ್ ಹಿಲಾವೋ — ಹಾಗೇ ಇರಲಿ, ಅಲುಗಿಸಬೇಡ, ಅತ್ತ ಮಷೀನು ಹೊರಟ ಸದ್ದು, ಖಡ್ ಖಡ್, ಹಾಳೆಯ ಮೇಲೆ ಹಾಳೆ ಬೀಳುತ್ತಿದೆ, ಒಂದೊಂದರಲ್ಲೂ ಅಮ್ಮ, ಒಂದೊಂದರಲ್ಲೂ ಅಪ್ಪ, ಕೆಳಗೆ ಎಡಗಡೆ ಒಂದು ಹೆಸರು ಹಿಡಿಸುವಷ್ಟು ಬಿಳಿ, ಮತ್ತೊಂದು ಹಾಳೆ, ಅದೇ ಬಿಳಿ, ಮತ್ತೊಂದು, ಬಿಳಿ