ಯುದ್ಧವಿಲ್ಲದ ಹದಿನೇಳು ದಿನ

ಎರಡನೇ ಮಹಡಿಯ ತಿರುವಿನಲ್ಲಿ ಶವಪೆಟ್ಟಿಗೆ ಸಿಕ್ಕಿಹಾಕಿಕೊಂಡಿತು. ಮುಂದೆ ಹಿಡಿದಿದ್ದವರು ಎಡಕ್ಕೆ ಎಂದರು, ಹಿಂದಿದ್ದವರು ಬಲಕ್ಕೆ ಎಂದರು. ಕೆಳಗಿನ ಮನೆಯ ದರ್ಜಿ ಬಾಗಿಲ ಬಳಿಯಿದ್ದ ತನ್ನ ಸೈಕಲ್ಲನ್ನು ಎತ್ತಿ ಒಳಗಿಟ್ಟ ಮೇಲೆ ದಾರಿಯಾಯಿತು.

"ದೊಡ್ಡಮ್ಮನ್ನ ಈ ಮನೆಯಿಂದ ಕದಲಿಸೋದು ಯಾವತ್ತು ಸುಲಭ ಇತ್ತು ಹೇಳಮ್ಮ?" ಎಂದಳು ತೀರಿಕೊಂಡವಳ ತಂಗಿಯ ಮಗಳು, ಮೂಗು ಒರೆಸಿಕೊಳ್ಳುತ್ತ.

ತಂಗಿ ನಗಲಿಲ್ಲ. ಅರವತ್ತೆಂಟರ ಮಂಡಿಯನ್ನು ಸಂಭಾಳಿಸಿಕೊಂಡು ಒಂದೊಂದೇ ಮೆಟ್ಟಿಲು ಇಳಿದಳು. ಅಕ್ಕನ ಜೊತೆ ಒಂದೇ ಸೂರಿನಡಿ ಬಾಳಿದವಳು ಅವಳು. ಜಗಳವಿರಲಿಲ್ಲ, ಸಲಿಗೆಯೂ ಇರಲಿಲ್ಲ.

ಬೀದಿಯಲ್ಲಿ ಅಷ್ಟು ಜನ ನಿಂತಿರುತ್ತಾರೆಂದು ಅವಳು ಅಂದುಕೊಂಡಿರಲಿಲ್ಲ. ಅಕ್ಕ ರೇಡಿಯೋ ಬಿಟ್ಟು ಹದಿನೆಂಟು ವರ್ಷವಾಗಿತ್ತು. ಅದಕ್ಕೂ ಮೊದಲು ಮೂವತ್ತೊಂದು ವರ್ಷ, ಬೆಳಿಗ್ಗೆ ಏಳೂ ಐದಕ್ಕೆ, ಅವಳು 'ಈ ದಿನ' ಓದಿದ್ದಳು. ಇಂಥ ದಿನ ಇಂಥ ಚಿತ್ರ ಮೊದಲು ಪ್ರದರ್ಶನಗೊಂಡಿತು, ಇಂಥ ಪುಸ್ತಕ ಅಚ್ಚಾಯಿತು, ಇಂಥ ಗ್ರಹ ಕಣ್ಣಿಗೆ ಬಿತ್ತು. ಕೊನೆಗೆ ಇಂಥ ಯುದ್ಧದಲ್ಲಿ ಇಂಥ ಕೋಟೆ ಬಿತ್ತು. ಕಲೆ, ಸಾಹಿತ್ಯ, ವಿಜ್ಞಾನ, ಯುದ್ಧ. ಐದು ನಿಮಿಷ, ನಾಲ್ಕು ಸಂಗತಿ. ಊರಿನವರ ಬಾಯಲ್ಲಿ ಅವಳು ತಾರೀಖಮ್ಮ.

*

ಅಣ್ಣ ಯುದ್ಧಕ್ಕೆ ಹೋದಾಗ ತಂಗಿಗೆ ಹದಿಮೂರು. ಮರುವರ್ಷ ಸರ್ಕಾರದ ಕಾಗದ ಬಂತು. ಅಕ್ಕ ಅದನ್ನು ಅಡುಗೆಮನೆಯಲ್ಲಿ ನಿಂತು ಗಟ್ಟಿಯಾಗಿ ಓದಿದಳು: ಮಾರ್ಚ್ ಮೂರರಿಂದ ಹತ್ತೊಂಬತ್ತರ ನಡುವೆ ಸೇತುವೆಯ ಬಳಿ ಕಾಣೆಯಾಗಿದ್ದಾನೆ, ಬದುಕಿರುವ ಸಾಧ್ಯತೆ ಇಲ್ಲ.

"ಯಾವತ್ತು ಅಂತ ಬರೆದಿಲ್ವಾ?" ಎಂದಳು ಅಮ್ಮ.

"ಇಲ್ಲಮ್ಮ."

"ಸರಿಯಾಗಿ ನೋಡೇ. ಹಿಂದೆ ಮುಂದೆ ತಿರುಗಿಸಿ ನೋಡು."

ಅಕ್ಕ ತಿರುಗಿಸಿ ನೋಡಿದಳು. ಕಾಗದದ ಬೆನ್ನು ಖಾಲಿಯಿತ್ತು.

"ಅಳೋದಕ್ಕೂ ಒಂದು ದಿನ ಬೇಡ್ವೇನೇ?" ಎಂದು ಅಮ್ಮ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು.

ಐದು ವರ್ಷದ ಬಳಿಕ ಅಕ್ಕನಿಗೆ ರೇಡಿಯೋದಲ್ಲಿ ಕೆಲಸ ಸಿಕ್ಕಿತು. ಅಮ್ಮನಿಗೆ ಹಿಗ್ಗೋ ಹಿಗ್ಗು. ಏಳಾಗುವುದೇ ತಡ, ಒಲೆಯ ಮೇಲಿದ್ದುದನ್ನು ಇಳಿಸಿ ರೇಡಿಯೋ ಮುಂದೆ ಕೂರುತ್ತಿದ್ದಳು. ಮರುವರ್ಷ ಆಗಸ್ಟಿನ ಒಂದು ಬೆಳಿಗ್ಗೆ ಮಗಳ ದನಿ, ಒಂದಿಷ್ಟೂ ಅಲುಗದೆ, ಅಣ್ಣನನ್ನು ನುಂಗಿದ ಯುದ್ಧ ಮುಗಿದು ಇಂದಿಗೆ ಆರು ವರ್ಷ ಎಂದಿತು. ಸತ್ತವರು ಇಷ್ಟು ಸಾವಿರ ಎಂದಿತು. ಅಮ್ಮ ಎದ್ದು ರೇಡಿಯೋ ಆರಿಸಿದಳು.

"ಅದು ಹೇಗೆ ಓದಿದೆ ನೀನು?" ಸಂಜೆ ಬಾಗಿಲಲ್ಲೇ ಕೇಳಿದಳು. "ಆ ಸಾವಿರದಲ್ಲಿ ಅವನೂ ಒಬ್ಬ ಅಲ್ವಾ? ನಾಲಿಗೆ ತೊದಲಲೂ ಇಲ್ವಲ್ಲೇ!"

"ಓದೋದು ನನ್ನ ಕೆಲಸ ಅಮ್ಮ," ಎಂದಳು ಅಕ್ಕ. ಚಪ್ಪಲಿ ಬಿಟ್ಟು ಒಳಗೆ ಹೋದಳು.

ಅಂದಿನಿಂದ ಆ ಮನೆಯಲ್ಲಿ ಬೆಳಗಿನ ರೇಡಿಯೋ ಹಾಡಲಿಲ್ಲ. ಅಮ್ಮ ಸಾಯುವವರೆಗೂ ಇಲ್ಲ, ಸತ್ತ ಮೇಲೂ ಇಲ್ಲ. ಅಕ್ಕನ ಎದೆ ಕಲ್ಲು ಎಂದು ತಂಗಿ ತೀರ್ಮಾನಿಸಿಯಾಗಿತ್ತು.

*

ಮಣ್ಣು ಹಾಕಿ ಜನ ಚದುರುತ್ತಿದ್ದಾಗ ಬಿಳಿ ಅಂಗಿಯ ಮುದುಕನೊಬ್ಬ ಹತ್ತಿರ ಬಂದ.

"ನಾನು ಕ್ಷೌರದವನು ತಾಯಿ. ನಿಮ್ಮಕ್ಕನ ಮುಖ ಇವತ್ತೇ ನೋಡಿದ್ದು. ದನಿ ಮಾತ್ರ ಮೂವತ್ತೊಂದು ವರ್ಷ ಕೇಳಿದ್ದೀನಿ."

"ಬಂದಿದ್ದು ದೊಡ್ಡದಾಯ್ತು," ಎಂದಳು ತಂಗಿ, ಬೆಳಿಗ್ಗೆಯಿಂದ ಎಲ್ಲರಿಗೂ ಅಂದ ಹಾಗೆ.

ಅವನು ಹೋಗಲಿಲ್ಲ. "ಒಂದು ಮಾತು ಕೇಳ್ಬೇಕಿತ್ತು. ಅವರನ್ನೇ ಕೇಳೋಣ ಅಂತಿದ್ದೆ, ಧೈರ್ಯ ಬರಲಿಲ್ಲ. ಮಾರ್ಚಿನಲ್ಲಿ ಯುದ್ಧ ಯಾಕೆ ಬಿಡ್ತಿದ್ರು?"

"ಏನು ಬಿಡ್ತಿದ್ದಳು?"

"ಯುದ್ಧದ ಸುದ್ದಿ ಬಂದ್ರೆ ನನ್ನ ಗಿರಾಕಿಗಳು ಸುಮ್ನೆ ಇರ್ತಿರಲಿಲ್ಲ ತಾಯಿ. ತಲೆ ಆಡಿಸಿ ವಾದಕ್ಕೆ ಇಳಿಯೋರು. ಅದಕ್ಕೆ ನಾಲ್ಕನೇದು ಶುರುವಾಗೋ ಹೊತ್ತಿಗೆ ಅವರ ಕೆನ್ನೆಯಿಂದ ಕತ್ತಿ ಎತ್ತಿಬಿಡ್ತಿದ್ದೆ. ಮೊದಲ ಮಾರ್ಚಿನಲ್ಲಿ ಎಲ್ಲಾ ಸರಿ ಇತ್ತು. ಮಾರನೇ ವರ್ಷ ಎತ್ತಿದ ಕತ್ತಿ ಎತ್ತಿದ ಹಾಗೇ, ಯುದ್ಧ ಬರಲೇ ಇಲ್ಲ! ಅದರ ಬದಲು ಹಕ್ಕಿ, ನಕ್ಷತ್ರ, ಇಂಥದ್ದೇನೋ ಒಂದು. ಆಮೇಲೆ ಕ್ಯಾಲೆಂಡರಲ್ಲಿ ಗುರುತು ಹಾಕ್ಕೊಂಡೆ. ಪ್ರತಿ ವರ್ಷ ಅಷ್ಟೇ. ಮೂರನೇ ತಾರೀಖಿಂದ..."

"ಹತ್ತೊಂಬತ್ತರವರೆಗೆ," ಎಂದಳು ತಂಗಿ.

"ಹೌದು. ಹದಿನೇಳು ದಿನ. ಲೋಕ ಅಷ್ಟು ದಿನ ತಣ್ಣಗಿತ್ತೇನೋ ಅಂದ್ಕೊಂಡಿದ್ದೆ."

ಅಮ್ಮ ರೇಡಿಯೋ ಆರಿಸಿದ ಮರುವರ್ಷ, ಮಾರ್ಚಿನ ಎರಡನೇ ತಾರೀಖು ತಂಗಿಯ ಕಣ್ಣಿಗೆ ಕಟ್ಟಿತು. ಒಗೆದ ಬಟ್ಟೆ ಮಡಿಸುತ್ತಿದ್ದಾಗ ಅಕ್ಕ ಬಂದು, ಅವಳ ಮುಖ ನೋಡದೆ ಕೇಳಿದ್ದಳು: "ನಾಳೆ ಬೆಳಿಗ್ಗೆ ಅಮ್ಮನಿಗೆ ರೇಡಿಯೋ ಹಾಕ್ತೀಯಾ?" "ಬೇಡ ಬಿಡಕ್ಕ, ಮತ್ತೆ ಯಾಕೆ ಆ ರಂಪ?" ಎಂದಿದ್ದಳು ತಾನು. ಅಕ್ಕ ಒಂದು ದಿಂಬಿನ ಚೀಲ ಎತ್ತಿಕೊಂಡು ಮಡಿಸಿದಳು. ಇನ್ನೆಂದೂ ಕೇಳಲಿಲ್ಲ.

ರೇಡಿಯೋದವರಲ್ಲಿ ಒಬ್ಬ ಇನ್ನೂ ಗೇಟಿನ ಬಳಿಯಿದ್ದ. ತಂಗಿ ಓಡುವಂತೆ ಹೋಗಿ ಅವನ ತೋಳು ಹಿಡಿದಳು. "ಅಕ್ಕ ಓದಿದ್ದು ನಿಮ್ಮಲ್ಲಿ ಇರುತ್ತಲ್ವಾ? ಮಾರ್ಚಿನದು, ಯಾವುದಾದ್ರೂ ಒಂದು ದಿನದ್ದು ಸಾಕು."

"ಅದು ನೇರ ಪ್ರಸಾರ ಅಮ್ಮ. ಏನನ್ನೂ ಧ್ವನಿಮುದ್ರಣ ಮಾಡಿಲ್ಲ," ಎಂದ ಅವನು, ತನ್ನದೇ ತಪ್ಪೆಂಬಂತೆ.

ಗಾಡಿಯ ಬಾಗಿಲು ತೆರೆದು ಮಗಳು ಕರೆಯುತ್ತಿದ್ದಳು. ತಂಗಿ ಹತ್ತಲಿಲ್ಲ. ಹಿಂದಿರುಗಿ ಕ್ಷೌರದವನನ್ನು ಹುಡುಕಿದಳು.

"ಒಂದಾದ್ರೂ ನೆನಪಿದೆಯಾ ನಿಮಗೆ?"

"ಹೆಸರುಗಳು ನನ್ನ ತಲೇಲಿ ನಿಲ್ಲಲ್ಲ ತಾಯಿ," ಎಂದ ಅವನು. ಆಮೇಲೆ, "ಅವರು ಹೇಳೋ ಧಾಟಿ ಬರುತ್ತೆ. ಅಂಗಡಿ ಇಲ್ಲೇ, ಎರಡು ಹೆಜ್ಜೆ. ಕೂತ್ಕೊಂಡು ಕೇಳಿ."

*

ಅಂಗಡಿಯಲ್ಲಿ ಕ್ಷೌರದವನ ಮಗ ಒಬ್ಬ ಗಿರಾಕಿಯ ಕೆನ್ನೆಗೆ ನೊರೆ ಹಚ್ಚುತ್ತಿದ್ದ. ಇನ್ನಿಬ್ಬರು ಬೆಂಚಿನ ಮೇಲೆ ಕಾಯುತ್ತಿದ್ದರು. ಮುದುಕ ಖಾಲಿ ಕುರ್ಚಿಯನ್ನು ಒರೆಸಿ ತಂಗಿಯನ್ನು ಕೂರಿಸಿದ. ಅವಳ ಹಿಂದೆ ನಿಂತು ಗಂಟಲು ಸರಿಮಾಡಿಕೊಂಡ. ದನಿ ಅವನದೇ, ಒರಟು. ಮಾತಿನ ನಡೆ ಮಾತ್ರ ಅವನದಲ್ಲ. ಪ್ರತಿ ವಾಕ್ಯದ ತುದಿಯನ್ನು ಮೆಲ್ಲಗೆ ಕೆಳಗಿಡುವ ಆ ರೀತಿ ಅಕ್ಕನದು.

"ಈ ದಿನ. ಚಿತ್ರಕಾರನೊಬ್ಬ ತನ್ನ ಕೊನೆಯ ಚಿತ್ರಕ್ಕೆ ಸಹಿ ಹಾಕಲು ಮರೆತ. ಈ ದಿನ. ಪ್ರಕಾಶಕರಿಂದ ಮೂರು ಸಲ ಹಿಂತಿರುಗಿದ ಕಾದಂಬರಿಯೊಂದು ಅಚ್ಚಾಯಿತು. ಈ ದಿನ. ಬಾಲದ ಚುಕ್ಕಿಯೊಂದು ಮೊದಲ ಸಲ ಕಣ್ಣಿಗೆ ಬಿತ್ತು. ಈ ದಿನ. ದ್ವೀಪವೊಂದರಲ್ಲಿ, ಅಳಿದುಹೋಯಿತು ಎಂದುಕೊಂಡಿದ್ದ ಹಕ್ಕಿಯೊಂದು ಹಾಡಿದ್ದನ್ನು ಶಾಲೆಯ ಟೀಚರೊಬ್ಬಳು ಕೇಳಿದಳು."

ಅವನು ನಿಲ್ಲಿಸಿದ. ತಂಗಿ ಕಣ್ಣು ಮುಚ್ಚಿ, ಎರಡೂ ಕೈಗಳಿಂದ ಕುರ್ಚಿಯ ತೋಳು ಹಿಡಿದು ಕುಳಿತಿದ್ದಳು. ಪಕ್ಕದ ಕುರ್ಚಿಯ ಗಿರಾಕಿ ಮುಂದೇನೆಂದು ಕೇಳಲು ಇತ್ತ ತಿರುಗಿದವನು, ಅವಳನ್ನು ನೋಡಿ ಹಾಗೆಯೇ ಉಳಿದ. ಅವನ ಕೆನ್ನೆಯ ಮೇಲಿನ ನೊರೆ ಅಂಚಿನಿಂದ ಒಣಗುತ್ತ ಬಂತು.